ಒಂಬತ್ತೂವರೆ ಸಾವಿರದ ಕ್ಯಾಮೆರಾ, ಏಳುನೂರು ರೂಪಾಯಿಯ ಡಬ್ಬಿ

ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂತು, ಮುಂದಿದ್ದ ಕಾಫಿ ಆರಿ ತಣ್ಣಗಾಗುವವರೆಗೂ ಒಂದು ಹಳೇ ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ 9,500 ರೂಪಾಯಿ ಎಣಿಸಿ ಕೊಟ್ಟು ಮನೆಗೆ ತಂದೆ. ಮೂರು ವರ್ಷ ಆಯ್ತು. ಸೋನಿ ನೆಕ್ಸ್-5ಎನ್, 2011ರ ಮಾಡೆಲ್. ಜೊತೆಗೆ 18-55 ಎಂಎಂ ಜೂಮ್ ಲೆನ್ಸ್, ಚಾರ್ಜರ್, ಎರಡು ಬ್ಯಾಟರಿ. ಮನೆಗೆ ಬಂದು ನೋಡಿದರೆ ಒಂದು ಬ್ಯಾಟರಿ ಉಬ್ಬಿತ್ತು. ಮಾರಿದವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸಾಲದ್ದಕ್ಕೆ ಆನ್ ಮಾಡಿದಾಗಲೆಲ್ಲ ಕ್ಯಾಮೆರಾ ತಾರೀಕು ಕೇಳುತ್ತಿತ್ತು. ಮೋಸ ಹೋದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಗಡಿಯಾರಕ್ಕೆ ಅಂತ ಒಳಗೊಂದು ಪುಟ್ಟ ಬ್ಯಾಟರಿ ಬೇರೆ ಇರುತ್ತದೆ, ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದ ಕ್ಯಾಮೆರಾದಲ್ಲಿ ಅದು ಖಾಲಿಯಾಗಿರುತ್ತದೆ. ಚಾರ್ಜ್ ಆದ ದೊಡ್ಡ ಬ್ಯಾಟರಿ ಹಾಕಿ ಒಂದು ದಿನ ಸುಮ್ನೆ ಇಟ್ಟೆ. ಆಮೇಲೆ ಕೇಳಲಿಲ್ಲ.

ನಮ್ಮ ಮನೆ ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ಪಕ್ಕ. ಕೆಲಸ ಶಿವಮೊಗ್ಗದಲ್ಲಿ. ದಿನಾ ಬಸ್ಸು. ಫೋನ್ ಇರುವಾಗ ಇದ್ಯಾಕೆ ಮಾರಾಯ ಅಂತ ಬಸ್ಸಿನಲ್ಲೂ ಕೇಳುತ್ತಾರೆ, ಮನೆಯಲ್ಲೂ ಕೇಳುತ್ತಾರೆ. ನಮ್ಮದು ಹಳೇ ಹೆಂಚಿನ ಮನೆ, ಅಡಿಗೆಮನೆ ಮಧ್ಯಾಹ್ನವೂ ಮಬ್ಬು. ನನ್ನ ಫೋನಿಗೆ ಆ ಮಬ್ಬು ಹಿಡಿಸುವುದಿಲ್ಲ. ಮೂಲೆಯಲ್ಲಿರುವ ಹಂಡೆಯಿಂದ ಹಿಡಿದು ಜಂತಿಯ ಜೇಡನ ಬಲೆಯವರೆಗೆ ಎಲ್ಲವನ್ನೂ ಬೆಳಗಿಸಿ, ಅಮ್ಮನ ಮುಖವನ್ನು ಮೇಣದ ಹಾಗೆ ನುಣ್ಣಗೆ ಮಾಡಿ ಕೊಡುತ್ತದೆ. ಮನೆ ಇರುವುದು ಹಾಗಲ್ಲ, ಅಮ್ಮನೂ ಹಾಗಿಲ್ಲ. ಈ ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕನ್ನು ಚಿತ್ರ ಮಾಡುವ ಭಾಗ, ಸುಮಾರು 23.5×15.6 ಮಿಲಿಮೀಟರ್. ಒಳಗೆ ಕನ್ನಡಿ ಇರುವ ಮಾಮೂಲಿ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಇರುವಷ್ಟೇ ದೊಡ್ಡದು. ಇದರೊಳಗೆ ಕನ್ನಡಿ ಇಲ್ಲದ್ದರಿಂದ ಬಾಡಿ ಮಾತ್ರ ತೆಳ್ಳಗೆ, ಲೆನ್ಸ್, ಬ್ಯಾಟರಿ ಬಿಟ್ಟು ಬರೀ 210 ಗ್ರಾಂ. ಟಿಫಿನ್ ಡಬ್ಬಿಯ ಪಕ್ಕ ಬ್ಯಾಗಿನಲ್ಲಿ ಕೂರುತ್ತದೆ. 16 ಮೆಗಾಪಿಕ್ಸೆಲ್ ಸಾಕಾ ಅಂದರೆ, ಸಾಕು. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್ ತೆಗೆಸಿ ನೋಡಿದ್ದೇನೆ.

ಹಳೇ ಬಾಡಿಗಳು ಬೇಕಾದಷ್ಟು ಸಿಗುತ್ತವೆ. ಹೀಗೆ ಕನ್ನಡಿ ಇಲ್ಲದ, ಮಿರರ್‌ಲೆಸ್ ಅನ್ನುವ ಕ್ಯಾಮೆರಾಗಳು ಶುರುವಾಗಿದ್ದೇ 2008ರಲ್ಲಿ, ಪ್ಯಾನಸೋನಿಕ್ ಜಿ1 ಬಂದಾಗ. ಅಲ್ಲಿಂದ 2014ರ ತನಕ ಬಂದವುಗಳಲ್ಲಿ ಎಷ್ಟೋ ಈಗ ಚಿಲ್ಲರೆ ಕಾಸಿಗೆ ಮಾರಾಟಕ್ಕಿವೆ. ಆದರೆ ಬಾಡಿ ಅಗ್ಗ ಅಂತ ಬೀಳಬೇಡಿ. ನಾನೂ ಮೊದಲು ನಿಕಾನ್ 1 ಸೀರೀಸಿನದೊಂದನ್ನು ನೋಡಿದ್ದೆ, ನನ್ನದಕ್ಕಿಂತ ಅರ್ಧ ಬೆಲೆ. ಆ ಸೀರೀಸನ್ನು ಕಂಪನಿ 2018ರಲ್ಲೇ ನಿಲ್ಲಿಸಿದೆ, ಹೊಸ ಲೆನ್ಸ್ ಬರುವುದಿಲ್ಲ, ಹಳೆಯದನ್ನು ಹುಡುಕಿಕೊಂಡು ಅಲೆಯಬೇಕು. ಸೋನಿಯ ಇ-ಮೌಂಟ್, ಅಂದರೆ ಲೆನ್ಸ್ ಕೂರಿಸುವ ಬಾಯಿ, 2010ರಲ್ಲಿ ಬಂದದ್ದು ಇವತ್ತಿಗೂ ಅದೇ ಇದೆ, ಹಾಗಾಗಿ ನಾಳೆ ಬಾಡಿ ಸತ್ತರೂ ಲೆನ್ಸ್ ಉಳಿಯುತ್ತದೆ. ಬಾಡಿ ನೋಡುವ ಮೊದಲು ಅದಕ್ಕೆ ಲೆನ್ಸ್ ಯಾವುದು ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಅಂತ ನೋಡಿ.

ಕೊಳ್ಳುವಾಗ ನಾನು ಮಾಡಿದ್ದು ಇಷ್ಟು. ಲೆನ್ಸ್ ಬಿಚ್ಚಿಸಿ, ಫೋನಿನ ಟಾರ್ಚ್ ಹಾಕಿ, ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ನೋಡಿದೆ. ಧೂಳಿನ ಕಣ ನಾಲ್ಕಾರು ಇದ್ದರೆ ಪರವಾಗಿಲ್ಲ. ಬೇರು ಬಿಟ್ಟ ಹಾಗೆ ಸಣ್ಣ ಎಳೆಗಳು ಕಂಡರೆ ಅದು ಬೂಷ್ಟು, ಬೇಡವೇ ಬೇಡ. ಆಮೇಲೆ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ 22ಕ್ಕೆ ಹಾಕಿ (ಈ ಅಂಕಿ ಹೆಚ್ಚಾದಷ್ಟೂ ಕಿಂಡಿ ಸಣ್ಣದು) ಬಿಳಿ ಗೋಡೆಯ ಫೋಟೋ ತೆಗೆದೆ, ಸೆನ್ಸರ್ ಮೇಲಿನ ಕೊಳೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಸ್ಕ್ರೀನನ್ನು ಮೇಲೆ ಕೆಳಗೆ ನಾಲ್ಕೈದು ಸಲ ಮಡಚಿದೆ, ಮಡಚುವ ಸ್ಕ್ರೀನಿನ ಒಳಗಿನ ಪಟ್ಟಿ ವೈರು ಸವೆದಿದ್ದರೆ ಒಂದು ಕೋನದಲ್ಲಿ ಚಿತ್ರ ಮಾಯವಾಗುತ್ತದೆ. ಎಲ್ಲ ಸರಿ ಇತ್ತು. ಬ್ಯಾಟರಿ ಹೊರಗೆ ತೆಗೆದು ನೋಡಲೇ ಇಲ್ಲ, ಅದೇ ನಾನು ಮಾಡಿದ ತಪ್ಪು.

ಎರಡನೇ ತಪ್ಪು ಮೊದಲನೇ ವಾರದಲ್ಲೇ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ತೆಗೆದರೆ ಎದುರಿಗೆ ಕನ್ನಡಿ ಇರುತ್ತದೆ, ಇದರಲ್ಲಿ ಸೆನ್ಸರೇ ಹಲ್ಲು ಕಿಸಿದುಕೊಂಡು ಕೂತಿರುತ್ತದೆ. ಅದರ ಮೇಲೊಂದು ಧೂಳಿನ ಕಣ ಕಂಡಿತು. ಒಲೆ ಊದಿ ಬೆಳೆದ ಅಭ್ಯಾಸ ನೋಡಿ, ಉಫ್ ಅಂತ ಬಾಯಲ್ಲೇ ಊದಿಬಿಟ್ಟೆ. ಧೂಳು ಹೋಯಿತು, ಅದರ ಜಾಗದಲ್ಲಿ ಎಂಜಲಿನ ಎರಡು ಹನಿ ಕೂತಿತು. ಅಲ್ಲಿಂದ ಒಂದು ತಿಂಗಳು ನನ್ನ ಎಲ್ಲ ಫೋಟೋಗಳ ಆಕಾಶದಲ್ಲಿ ಅದೇ ಜಾಗದಲ್ಲಿ ಎರಡು ಬೂದು ಕಲೆ. ಸೆನ್ಸರ್ ಒರೆಸುವ ಸ್ವಾಬ್ ತರಿಸಿ, ಎರಡು ಹನಿ ದ್ರಾವಣ ಹಾಕಿ, ಉಸಿರು ಬಿಗಿ ಹಿಡಿದು ಎಡದಿಂದ ಬಲಕ್ಕೆ ಒಂದೇ ಸಲ ಎಳೆದ ಮೇಲೆ ಹೋಯಿತು. ಈಗ 150 ರೂಪಾಯಿಯ ರಬ್ಬರ್ ಬ್ಲೋವರ್ ಇದೆ. ಕ್ಯಾಮೆರಾ ಕೆಳಮುಖ ಹಿಡಿದು ಊದಿಸುತ್ತೇನೆ.

ಜೊತೆಗೆ ಬಂದ 18-55 ಲೆನ್ಸ್ ಹಗಲಿಗೆ ಸರಿ, ಮನೆಯೊಳಗಿನ ಮಬ್ಬಿಗೆ ಸಾಲದು. ಆರು ತಿಂಗಳು ಕಾದು ಸಿಗ್ಮಾದ 30 ಎಂಎಂ, ಎಫ್ 2.8 ಸೆಕೆಂಡ್ ಹ್ಯಾಂಡ್ ತಗೊಂಡೆ. ಪಾರ್ಸೆಲ್ ಬಿಚ್ಚಿ ಕೈಗೆತ್ತಿಕೊಂಡರೆ ಒಳಗೆ ಕಟಕಟ ಸದ್ದು. ಏನೋ ಕಳಚಿಕೊಂಡಿದೆ, ಮತ್ತೆ ಟೋಪಿ ಬಿತ್ತು ಅಂದುಕೊಂಡು ವಾಪಸ್ ಕಳಿಸಲು ಟೇಪು ಸುತ್ತಿದ್ದೂ ಆಗಿತ್ತು. ಯಾವುದಕ್ಕೂ ನೋಡೋಣ ಅಂತ ಕ್ಯಾಮೆರಾಕ್ಕೆ ಹಾಕಿ ಆನ್ ಮಾಡಿದೆ, ಸದ್ದೇ ಇಲ್ಲ. ಆ ಲೆನ್ಸ್ ಇರುವುದೇ ಹಾಗಂತೆ. ಫೋಕಸ್ ಮಾಡುವ ಗಾಜು ಕರೆಂಟ್ ಇಲ್ಲದಾಗ ಜೋಲಾಡುತ್ತದೆ, ಆನ್ ಆದ ಕೂಡಲೇ ಮೋಟರು ಹಿಡಿದುಕೊಳ್ಳುತ್ತದೆ. ಈಗ ಬ್ಯಾಗಿನಲ್ಲಿ ಕಟಕಟ ಅಂದರೆ ಕ್ಯಾಮೆರಾ ತಂದಿದ್ದೇನೆ ಅಂತ ಧೈರ್ಯ.

ಈ ಕ್ಯಾಮೆರಾದ ದೊಡ್ಡ ಕೊರತೆ ಫೋಕಸ್. ಓಡುವ ಮಕ್ಕಳು, ನಾಯಿ, ಹಾರುವ ಹಕ್ಕಿ ಇದಕ್ಕೆ ಆಗುವುದಿಲ್ಲ, ಲೆನ್ಸ್ ಹಿಂದೆ ಮುಂದೆ ತಡಕಾಡುವಷ್ಟರಲ್ಲಿ ಮಗು ಅಂಗಳ ದಾಟಿರುತ್ತದೆ. ಅದು ಬೇಕೆಂದರೆ ಸೋನಿಯದೇ 2014ರ ಎ6000 ನೋಡಿ, ಬೆಲೆ ನನ್ನದಕ್ಕಿಂತ ಜಾಸ್ತಿ. ಮೆನು ಅಂತೂ ದೇವರಿಗೇ ಪ್ರೀತಿ. ವೈಫೈ ಇಲ್ಲ, ಮೆಮೊರಿ ಕಾರ್ಡ್ ತೆಗೆದು, ಫೋನಿಗೆ ಚುಚ್ಚುವ ಒಟಿಜಿ ರೀಡರ್‌ನಿಂದ ಫೋನಿಗೆ ಹಾಕಿಕೊಳ್ಳುತ್ತೇನೆ.

ಬಸ್ಸಿನಲ್ಲಿ ಫೋಟೋ ತೆಗೆಯಲು ಒಂದು ಉಪಾಯ ಸಿಕ್ಕಿತು, ಅದು ಚಿಕ್ಕಪ್ಪನ ಬೀರುವಿನಿಂದ. ಚಿಕ್ಕಪ್ಪನ ಹತ್ತಿರ ನಿಕಾನ್ ಎಫ್‌ಎಂ10 ಇತ್ತು, ರೀಲು ಹಾಕುವುದು, ಜೊತೆಗೆ 35-70 ಜೂಮ್. ಊರಿನ ಎಷ್ಟೋ ಮದುವೆ ಅದರಲ್ಲೇ ಆಗಿದೆ. ಹತ್ತು ಹದಿನೈದು ವರ್ಷದಿಂದ ಚರ್ಮದ ಕೇಸಿನಲ್ಲಿ, ಬೀರುವಿನ ಒಳಗೆ, ರೇಷ್ಮೆ ಸೀರೆಗಳ ಕೆಳಗೆ ಭದ್ರವಾಗಿತ್ತು. "ತಗೊಂಡ್ ಹೋಗು, ನಂಗಂತೂ ಬೇಡ" ಅಂದರು. ನಿಕಾನ್ ಲೆನ್ಸನ್ನು ಸೋನಿಗೆ ಕೂರಿಸಲು ಅಡಾಪ್ಟರ್ 900 ರೂಪಾಯಿ. ಅದರೊಳಗೆ ಗಾಜಿಲ್ಲ, ಏನೂ ಇಲ್ಲ, ಬರೀ ಟೊಳ್ಳು ಕೊಳವೆ. ನಿಕಾನ್ ಲೆನ್ಸಿನ ಬುಡದಿಂದ ಸೆನ್ಸರಿಗೆ 46.5 ಮಿಲಿಮೀಟರ್ ದೂರ ಬೇಕು, ಸೋನಿಯಲ್ಲಿ ಇರುವುದು 18, ಉಳಿದ 28.5 ಮಿಲಿಮೀಟರನ್ನು ಆ ಕೊಳವೆ ತುಂಬಿಸುತ್ತದೆ, ಅಷ್ಟೆ. ಹಾಕಿ ಬಟನ್ ಒತ್ತಿದರೆ ಫೋಟೋನೇ ಬರುವುದಿಲ್ಲ, ಲೆನ್ಸ್ ಹಾಕಿಲ್ಲ ಅನ್ನುತ್ತದೆ. ಮೆನುವಿನಲ್ಲಿ ಹುಡುಕಿ ಹುಡುಕಿ 'ರಿಲೀಸ್ ವಿತೌಟ್ ಲೆನ್ಸ್' ಅನ್ನುವುದನ್ನು ಎನೇಬಲ್ ಮಾಡಬೇಕು. ಇದು ಗೊತ್ತಿಲ್ಲದೆ ಒಂದು ಭಾನುವಾರ ಪೂರ್ತಿ ಹಾಳಾಯಿತು.

ಈ ಹಳೇ ಲೆನ್ಸಿನ ಮೇಲೆ ಮೀಟರ್ ಲೆಕ್ಕ ಬರೆದಿರುತ್ತದೆ, ಅದೇ ಉಪಾಯ. ಜೂಮನ್ನು 35ಕ್ಕೆ ಇಟ್ಟು, ಎಫ್ 11 ಹಾಕಿ, ಫೋಕಸನ್ನು 3 ಮೀಟರಿಗೆ ತಿರುಗಿಸಿ ಬಿಟ್ಟರೆ ಎರಡು ಮೀಟರಿನಿಂದ ಸುಮಾರು ಆರು ಮೀಟರಿನ ತನಕ ಎಲ್ಲವೂ ಸ್ಪಷ್ಟ. ಮತ್ತೆ ಫೋಕಸ್ ಮಾಡುವ ಮಾತೇ ಇಲ್ಲ, ನೋಡಿದ ಕೂಡಲೇ ಒತ್ತಿದರಾಯಿತು. ಸ್ಕ್ರೀನನ್ನು ಮೇಲ್ಮುಖ ಮಾಡಿ ಕ್ಯಾಮೆರಾವನ್ನು ಸೊಂಟದ ಹತ್ತಿರ ಹಿಡಿದುಕೊಳ್ಳುತ್ತೇನೆ. ಯಾರದಾದರೂ ಮುಖ ಹತ್ತಿರದಿಂದ ಬೇಕಿದ್ದರೆ ಮಾತ್ರ ಫೋಕಸ್ ಪೀಕಿಂಗ್ ಹಾಕುತ್ತೇನೆ. ಸ್ಪಷ್ಟವಾದ ಅಂಚಿಗೆ ಅದು ಬಣ್ಣದ ಗೆರೆ ಬಳಿದು ತೋರಿಸುತ್ತದೆ.

ಆದರೆ ಚಿಕ್ಕಪ್ಪನ ಲೆನ್ಸ್‌ನಲ್ಲಿ ಬೂಷ್ಟು ಇತ್ತು. ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಒಂದು ಗಾಜಿನ ಅಂಚಿನಿಂದ ನಡುವಿನ ಕಡೆಗೆ, ಕಿಟಕಿ ಗಾಜಿನ ಮೇಲೆ ಬಸವನಹುಳ ಹರಿದ ಹಾಗೆ, ಬೆಳ್ಳಗಿನ ಎಳೆಗಳು. ಚರ್ಮದ ಕೇಸೇ ಅದಕ್ಕೆ ಕಾರಣ. ಚರ್ಮ ನೀರಿನ ಪಸೆ ಹೀರಿ ಇಟ್ಟುಕೊಳ್ಳುತ್ತದೆ, ಒಳಗೆ ಕತ್ತಲೆ, ಗಾಳಿಯಾಡುವುದಿಲ್ಲ. ಜೋಪಾನ ಮಾಡಿದ್ದೇ ಹಾಳು ಮಾಡಿತು. ಬೆಂಗಳೂರಿಗೆ ಹೋಗಿದ್ದಾಗ ರಿಪೇರಿಯವರ ಹತ್ತಿರ 1,200 ಕೊಟ್ಟು ಬಿಚ್ಚಿಸಿ ಒರೆಸಿದೆ. ಬೂಷ್ಟು ಹೋಯಿತು, ಎಳೆಗಳ ಗುರುತು ಉಳಿಯಿತು. ಬೂಷ್ಟು ಆಮ್ಲ ಬಿಡುತ್ತದೆ, ಅದು ಗಾಜಿನ ಕೋಟಿಂಗನ್ನು ತಿಂದ ಮೇಲೆ ಒರೆಸಿ ಏನು ಪ್ರಯೋಜನ. ಬೆಳಕಿಗೆ ಬೆನ್ನು ಮಾಡಿ ತೆಗೆದರೆ ಏನೂ ಗೊತ್ತಾಗುವುದಿಲ್ಲ, ಎದುರು ಬಿಸಿಲಿಗೆ ಹಿಡಿದರೆ ಫೋಟೋ ಹಾಲು ಚೆಲ್ಲಿದ ಹಾಗೆ ಮಂಕು.

ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಕ್ಯಾಮೆರಾ ಹಳೆಯದಾಯಿತು, ಸೆನ್ಸರ್ ಹಳೆಯದಾಯಿತು ಅಂತ ತಲೆ ಕೆಡಿಸಿಕೊಳ್ಳುವವರಿಗೆ ನಾನು ಹೇಳುವುದು ಇದೊಂದೇ, 2011ರ ಸೆನ್ಸರ್ ನಿಮ್ಮನ್ನು ಕೈಬಿಡುವುದಿಲ್ಲ, ಆಷಾಢ ಕೈಬಿಡುತ್ತದೆ. ಅಮ್ಮ ಒಲೆಯ ಮೇಲಿನ ಅಟ್ಟದಲ್ಲಿ ಇಡು ಅಂದಳು, ಬೀಜ, ಹುಳಿ ಎಲ್ಲ ಅಲ್ಲೇ ಬೆಚ್ಚಗಿರುತ್ತವಲ್ಲ. ಹೊಗೆ ಹಿಡಿದ ಲೆನ್ಸ್ ಯಾರಿಗೆ ಬೇಕು? ಚಿಕ್ಕಪ್ಪ ಅಕ್ಕಿ ಡಬ್ಬಿಯಲ್ಲಿ ಹುದುಗಿಸು ಅಂದರು. ಅಕ್ಕಿಯ ಹಿಟ್ಟು ಜೂಮ್ ರಿಂಗಿನ ಸಂದಿಗೆಲ್ಲ ಹೋಗುತ್ತದೆ.

ಕೊನೆಗೆ ಮಾಡಿದ್ದು ಒಂದು ಡಬ್ಬಿ. ಪಾತ್ರೆ ಅಂಗಡಿಯಲ್ಲಿ ಸಿಗುವ, ನಾಲ್ಕೂ ಕಡೆ ಕ್ಲಿಪ್ಪು, ಮುಚ್ಚಳಕ್ಕೆ ರಬ್ಬರು ಇರುವ ಪ್ಲಾಸ್ಟಿಕ್ ಡಬ್ಬಿ. ಒಳಗೆ ಕಾಲು ಕಿಲೋ ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿ ಕಟ್ಟಿ, ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಒಂದು. ಎಲ್ಲ ಸೇರಿ 700 ರೂಪಾಯಿ ಒಳಗೆ. ಜುಲೈಯಲ್ಲಿ ಜಗಲಿಯ ಮೇಲೆ ಆ ಮೀಟರ್ ಶೇಕಡಾ 90 ದಾಟುತ್ತದೆ, ಡಬ್ಬಿಯೊಳಗೆ 45ರ ಆಸುಪಾಸು. 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು, 60 ದಾಟಿದರೆ ಬೂಷ್ಟಿಗೆ ಬಾಗಿಲು ತೆರೆದ ಹಾಗೆ. ತೀರಾ ಒಣಗಿಸುವುದೂ ಬೇಡ, ಲೆನ್ಸಿನೊಳಗಿನ ಗ್ರೀಸಿಗೆ ಒಳ್ಳೆಯದಲ್ಲ.

ಸಿಲಿಕಾ ಜೆಲ್ ನೀಲಿದೂ ಸಿಗುತ್ತದೆ, ಕೇಸರಿದೂ ಸಿಗುತ್ತದೆ. ಕೇಸರಿದನ್ನೇ ತನ್ನಿ, ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ಪಸೆ ಹೀರಿದ ಮೇಲೆ ಕೇಸರಿ ಕಾಳು ಹಸಿರಾಗುತ್ತದೆ. ಬಿಸಾಡಬೇಕಿಲ್ಲ, 110-120 ಡಿಗ್ರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೇಸರಿ. ನಮ್ಮಲ್ಲಿ ಓವನ್ ಇಲ್ಲ. ಅದಕ್ಕೆಂದೇ ಒಂದು ತೂತು ಬಿದ್ದ ಹಳೇ ಬಾಣಲೆ ಇಟ್ಟಿದ್ದೇನೆ, ಬಚ್ಚಲ ಒಲೆಯ ಕೆಂಡ ಸ್ವಲ್ಪ ಎಳೆದು ಅದರ ಮೇಲಿಟ್ಟು, ಕಡಲೆ ಹುರಿದ ಹಾಗೆ ಕೈಯಾಡಿಸುತ್ತಾ ಕೂರುತ್ತೇನೆ. ಉರಿ ಜಾಸ್ತಿ ಆದರೆ ಕಾಳು ಕಪ್ಪಾಗಿ ಕೆಲಸಕ್ಕೆ ಬಾರದ ಹಾಗೆ ಆಗುತ್ತದೆ. ಒಂದು ಸಲ ಹಾಗೆ ಸುಟ್ಟಿದ್ದೇನೆ.

ಇಷ್ಟೆಲ್ಲ ಸರ್ಕಸ್ ಮಾಡಿ ತೆಗೆಯುವುದು ಏನು ಅಂದರೆ, ಮನೆಯದೇ ಸಂಗತಿ. ಹೋದ ವರ್ಷ ಕೊಯ್ಲಿನ ಸಮಯದಲ್ಲಿ ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಅಮ್ಮ, ಪಕ್ಕದ ಮನೆ ಅಕ್ಕ, ಇನ್ನೂ ನಾಲ್ಕು ಜನ, ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತು, ತಲೆಯ ಮೇಲೆ ಒಂದೇ ಒಂದು ಎಲ್‌ಇಡಿ ಬಲ್ಬು. 30 ಎಂಎಂ ಹಾಕಿ ಎಫ್ 2.8, ಸೆನ್ಸರಿನ ಬೆಳಕಿನ ಸೂಕ್ಷ್ಮತೆ ಐಎಸ್‌ಒ 1600. ಮೊದಲ ಹತ್ತು ಫೋಟೋಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು. ಶಟರ್ ತೆರೆದಿರುವ ಹೊತ್ತನ್ನು 1/160 ಸೆಕೆಂಡಿಗೆ ಇಟ್ಟಿದ್ದೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ, ಶಟರಿಗೆ ಗೊತ್ತಾಗುತ್ತದೆ. 1/50ಕ್ಕೆ ಇಳಿಸಿದೆ, ಪಟ್ಟಿ ಹೋಯಿತು. ಕೈ ಆಡಿಸುವುದು ಸ್ವಲ್ಪ ಮಸುಕಾಗಿ ಬಂತು. ಅದು ಚೆನ್ನಾಗಿಯೇ ಇದೆ, ಕೈ ನಿಂತಿರುವುದಿಲ್ಲವಲ್ಲ. ರಾ ಫೈಲನ್ನು, ಅಂದರೆ ಕ್ಯಾಮೆರಾ ತಿದ್ದದೆ ಉಳಿಸಿದ ಚಿತ್ರವನ್ನು, ಡಾರ್ಕ್‌ಟೇಬಲ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದು ಬಲ್ಬಿನ ಹಸಿರು ಛಾಯೆ ಮಾತ್ರ ಸ್ವಲ್ಪ ತೆಗೆದೆ. ಮೂಲೆಯ ಕತ್ತಲನ್ನು ಮುಟ್ಟಲಿಲ್ಲ.

ಅದರಲ್ಲೊಂದನ್ನು ಪ್ರಿಂಟ್ ಹಾಕಿಸಿ ಪಕ್ಕದ ಮನೆ ಅಕ್ಕನಿಗೆ ಕೊಟ್ಟೆ. ಕಣ್ಣ ಹತ್ತಿರ ಹಿಡಿದು ನೋಡಿದಳು. ಬೆರಳ ಸಂದಿಯಲ್ಲಿ, ಉಗುರಿನ ಸುತ್ತ ಅಡಿಕೆಯ ಕರೆ ಕೂತಿರುವುದು ಒಂದೊಂದು ಗೆರೆಯೂ ಕಾಣುತ್ತಿತ್ತು.

"ಅಯ್ಯೋ ಮಾರಾಯ, ನನ್ನ ಕೈ ಇಷ್ಟು ಕಪ್ಪಾ? ಸ್ವಲ್ಪ ಬೆಳ್ಳಗೆ ಮಾಡಿ ಕೊಡಕ್ಕಾಗಲ್ವಾ?"

"ಆಗತ್ತಕ್ಕ, ಫೋನಲ್ಲಿ ತೆಗೆದರೆ ತಾನೇ ಮಾಡತ್ತೆ."

"ಹಾಗಾದ್ರೆ ಅದರಲ್ಲೂ ಒಂದು ತೆಗಿ" ಅಂದಳು. ತೆಗೆದೆ. ಫೋನಿನದು ಅವಳ ವಾಟ್ಸಾಪ್‌ನಲ್ಲಿದೆ, ಕ್ಯಾಮೆರಾದ್ದು ಅವರ ಮನೆ ದೇವರ ಗೂಡಿನ ಪಕ್ಕದ ಗೋಡೆಗೆ ಮೊಳೆ ಹೊಡೆದು ಹಾಕಿದ್ದಾರೆ. ಗಾಜು ಹಾಕಿಸಿದ ಫ್ರೇಮು. ಈ ಮಳೆಗಾಲ ಅದರೊಳಗೂ ಬೂಷ್ಟು ಬರುತ್ತದೇನೋ, ಒಂದು ಸಲ ಹೋಗಿ ಬಿಚ್ಚಿ ನೋಡಬೇಕು.