ಮನೆ ಮಾರುವ ಮುಂಚೆ ಅಪ್ಪನ ಟ್ರಂಕು ತೆರೆಯಿರಿ

ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ಮಾರಲು ಹೊರಟಾಗ ನಾನು ಮೊದಲು ಕರೆದದ್ದು ಪೇಂಟರನ್ನು. ಅದೇ ತಪ್ಪಾಯಿತು. ಮನೆ ಥಳಥಳ ಅಂತು, ಗಿರಾಕಿ ಸಿಕ್ಕರು, ಟೋಕನ್ ಅಡ್ವಾನ್ಸ್ ಕೂಡ ಕೊಟ್ಟರು. ಆಮೇಲೆ ಎರಡೂವರೆ ತಿಂಗಳು ವ್ಯವಹಾರ ಅಲ್ಲಾಡಲಿಲ್ಲ.

ಆದದ್ದು ಇಷ್ಟು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. (ಆಸ್ತಿಯ ಮೇಲಿನ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ತೆಗೆಸಿದ್ದೆ. ಸಾಲಗೀಲ ಏನೂ ಇರಲಿಲ್ಲ. ಆದರೆ ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಕೊಳ್ಳುವವರ ವಕೀಲರು ಮೂವತ್ತು ವರ್ಷದ್ದು ಬೇಕು ಎಂದರು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಹಾಕಿ ಹಳೆಯದನ್ನೂ ತೆಗೆಸಿದರೆ, ಮನೆ ಕಟ್ಟಲು ಅಪ್ಪ 1997ರಲ್ಲಿ ಮಾಡಿದ ಸಾಲದ ಅಡಮಾನ ಅಲ್ಲಿ ಹಾಗೇ ಕೂತಿದೆ! ಕಂತೆಲ್ಲ 2003ರಲ್ಲೇ ತೀರಿತ್ತು. ಬ್ಯಾಂಕು ಪತ್ರಗಳನ್ನು ವಾಪಸ್ ಕೊಟ್ಟಿತ್ತು. ಸಾಲ ತೀರಿದೆ ಎನ್ನುವ ಡಿಸ್ಚಾರ್ಜ್ ಡೀಡನ್ನು ಮಾತ್ರ ಯಾರೂ ರಿಜಿಸ್ಟರ್ ಮಾಡಿಸಿರಲಿಲ್ಲ. ನೋ ಡ್ಯೂ ಸರ್ಟಿಫಿಕೇಟು ಅಪ್ಪನ ಟ್ರಂಕಿನ ತಳದಲ್ಲಿ, ಹಳೇ ಎಲ್‌ಐಸಿ ಬಾಂಡಿನ ಮಡಿಕೆಯಲ್ಲಿ ಸಿಕ್ಕಿತು. ಬ್ಯಾಂಕಿನವರು ಬಂದು ಸಹಿ ಹಾಕುವ ಹೊತ್ತಿಗೆ ಹೊಸ ಪೇಂಟಿನ ಮೇಲೆ ಧೂಳು ಕೂತಿತ್ತು.

ಹಾಗಾಗಿ ಟ್ರಂಕು ಮೊದಲು. ಕ್ರಯಪತ್ರ, ಸೈಟು ನಗರಾಭಿವೃದ್ಧಿ ಪ್ರಾಧಿಕಾರದ್ದಾದರೆ ಹಂಚಿಕೆ ಪತ್ರ, ಮಂಜೂರಾದ ಪ್ಲಾನು, ಕಂದಾಯದ ರಸೀದಿ, ಕರೆಂಟು ಮತ್ತು ನೀರಿನ ಕೊನೆಯ ಬಿಲ್ಲು, ಎಲ್ಲವನ್ನೂ ಒಂದು ಫೈಲಿಗೆ ಹಾಕಿ. ಇ-ಖಾತಾ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಎನ್ನುವ ಸ್ಥಳೀಯ ಸಂಸ್ಥೆಯ ಡಿಜಿಟಲ್ ದಾಖಲೆ, ಇಲ್ಲದಿದ್ದರೆ ಅದಕ್ಕೆ ಈಗಲೇ ಓಡಾಡಿ. 2024ರ ಅಕ್ಟೋಬರ್‌ನಿಂದ ಅದಿಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಹೆಸರಿನ ಕಾಗುಣಿತವನ್ನೂ ನೋಡಿಕೊಳ್ಳಿ. ಅಮ್ಮನ ಹೆಸರಿಗೆ ಆಧಾರಿನಲ್ಲಿ ಒಂದು 'ಮ್ಮ' ಜಾಸ್ತಿ ಇತ್ತು. ಅಷ್ಟಕ್ಕೇ ಒಂದು ಅಫಿಡವಿಟ್ ಮಾಡಿಸಬೇಕಾಯಿತು.

ಮನೆಯೊಡೆಯರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ತೆಗೆಸಿ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ. ಹೆಣ್ಣುಮಕ್ಕಳ ಸಹಿಯೂ ಬೇಕು. 'ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆ' ಅನ್ನುವ ಮಾತು ರಿಜಿಸ್ಟ್ರಾರ್ ಮುಂದೆ ನಡೆಯುವುದಿಲ್ಲ. ನನ್ನ ತಂಗಿ ಅಮೆರಿಕದಲ್ಲಿದ್ದಾಳೆ. ಪವರ್ ಆಫ್ ಅಟಾರ್ನಿಯನ್ನು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿದಳು. ಅಂಥ ಪತ್ರಕ್ಕೆ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು.

ಇನ್ನು ರಿಪೇರಿ. ಬಚ್ಚಲಿಗೆ ಅಂಟಿಕೊಂಡ ಗೋಡೆಯಲ್ಲಿ ತೇವ ಇತ್ತು. 'ಪುಟ್ಟಿ ಹೊಡೆದು ಮುಚ್ಚಿಬಿಡೋಣ ಮೇಡಂ' ಅಂದ ಪೇಂಟರ್. ನಾನೂ ಹೂಂ ಅಂದೆ. ಮೊದಲು ಮನೆ ನೋಡಲು ಬಂದವರ ಜೊತೆ ಒಬ್ಬರು ಅಜ್ಜಿ ಇದ್ದರು. ಅಡುಗೆಮನೆ ನೋಡಲಿಲ್ಲ, ದೇವರಮನೆ ನೋಡಲಿಲ್ಲ. ಸೀದಾ ಆ ಗೋಡೆಗೆ ಅಂಗೈ ಒತ್ತಿ ಹಿಡಿದು, 'ಇಲ್ಲಿ ತಣ್ಣಗಿದೆಯಲ್ಲಮ್ಮ' ಎಂದರು. ಅವರು ಮತ್ತೆ ಬರಲಿಲ್ಲ. ಗಾರೆ ಕೆತ್ತಿಸಿ ನೋಡಿದರೆ ಒಳಗಿನ ಪೈಪಿನ ಒಂದು ಜಾಯಿಂಟ್ ಸೋರುತ್ತಿತ್ತು. ಪ್ಲಂಬರ್ ಅರ್ಧ ದಿನದಲ್ಲಿ ಮುಗಿಸಿದ. ಸೋರುವುದನ್ನು ನಿಲ್ಲಿಸಿ, ಗೋಡೆ ಒಣಗಲು ಬಿಟ್ಟು, ಆಮೇಲೆ ಬಣ್ಣ ಹೊಡೆಸಿ. ಸಂಪು ತೊಳೆಸಿ. ಮಾಡ್ಯುಲರ್ ಕಿಚನ್ನಿಗೆ ಸುಮ್ನೆ ದುಡ್ಡು ಸುರಿಯಬೇಡಿ, ಕೊಂಡವರು ಹೇಗೂ ತಮಗೆ ಬೇಕಾದ ಹಾಗೆ ಬದಲಾಯಿಸುತ್ತಾರೆ.

ದುಡ್ಡಿನ ವಿಷಯಕ್ಕೆ ಆಡಿಟರನ್ನು ಅಗ್ರಿಮೆಂಟಿಗೆ ಮೊದಲೇ ಕಾಣಿ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ದುಡ್ಡು ಕೊಡುವಾಗಲೇ 1% ಟಿಡಿಎಸ್ (ಮುಂಗಡವಾಗಿ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತಾರೆ. ವಿದೇಶದಲ್ಲಿರುವವರ ಪಾಲಿಗೆ ಲೆಕ್ಕವೇ ಬೇರೆ, ಹಿಡಿಯುವುದೂ ಜಾಸ್ತಿ. ತಂಗಿಗೆ ಇದು ಕೊನೇ ವಾರದಲ್ಲಿ ಗೊತ್ತಾಗಿ ಫೋನಿನಲ್ಲಿ ಸಣ್ಣ ಜಗಳವೇ ಆಯಿತು. ನಮ್ಮ ಹಾಗೆ 2001ಕ್ಕಿಂತ ಹಳೆಯ ಮನೆಯಾದರೆ ತೆರಿಗೆಗಾಗಿ ಲಾಭ ಲೆಕ್ಕ ಹಾಕುವಾಗ ಕೊಂಡ ಬೆಲೆಯ ಬದಲು 2001ರ ಏಪ್ರಿಲ್ 1ರ ಬೆಲೆ ಹಿಡಿಯಬಹುದು. ಅದಕ್ಕೆ ನೋಂದಾಯಿತ ವ್ಯಾಲ್ಯುಯರ್ (ಆಸ್ತಿಯ ಬೆಲೆ ಕಟ್ಟುವವರು) ಹತ್ತಿರ ವರದಿ ಮಾಡಿಸಿಡಿ.

ಬ್ರೋಕರ್ ಪಕ್ಕಕ್ಕೆ ಕರೆದು 'ಸ್ವಲ್ಪ ಕ್ಯಾಶಲ್ಲಿ ಕೊಡ್ತಾರಂತೆ' ಅಂದರೆ ಬೇಡ ಅನ್ನಿ. ಆಸ್ತಿ ಮಾರಾಟದಲ್ಲಿ 20,000 ಅಥವಾ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತ ದಂಡ ಬೀಳಬಹುದು. ನಮ್ಮ ಬ್ರೋಕರ್ ಇದಕ್ಕೆ ಮುಖ ಊದಿಸಿಕೊಂಡ. ಕಮಿಷನ್ ಮಾತ್ರ ಯುಪಿಐನಲ್ಲೇ ತೆಗೆದುಕೊಂಡ.