ಮಗುವಿನ ಮೂಗಿನ ಮೇಲೆ ಕೂದಲಿರುವ ತೂತು: ಮೊದಲು ಸ್ಕ್ಯಾನ್, ಆಮೇಲೆ ಕತ್ತರಿ

ಮೂಗಿನ ಸರಿಯಾಗಿ ನಡುಗೆರೆಯ ಮೇಲೆ ಸೂಜಿಮೊನೆಯಷ್ಟು ತೂತು, ಅದರಿಂದ ಇಣುಕುವ ಒಂದೆರಡು ಕೂದಲು. ಇದು ಮೊಡವೆಯಲ್ಲ, ಹುಟ್ಟಿನಿಂದಲೇ ಬಂದ ಡರ್ಮಾಯ್ಡ್ ಗಂಟು. ಅಂದಾಜು 20,000ದಿಂದ 40,000 ಹೆರಿಗೆಗೆ ಒಂದು. ಕೂದಲಿಲ್ಲದೆ ಬರೀ ಗಂಟಷ್ಟೇ ಇರುವುದೂ ಉಂಟು.

ಗರ್ಭದಲ್ಲಿ ಮೆದುಳಿನ ಹೊದಿಕೆಯ ಒಂದು ಎಳೆ ಮೂಗಿನ ಚರ್ಮವನ್ನು ಮುಟ್ಟಿ ಹಿಂದೆ ಸರಿಯುತ್ತದೆ. ಸರಿಯುವಾಗ ಚರ್ಮವನ್ನೂ ಎಳೆದುಕೊಂಡರೆ ಅದು ಒಳಗೇ ಸಿಕ್ಕಿಕೊಂಡು ಕೂದಲು, ಜಿಡ್ಡು ತಯಾರಿಸುತ್ತಿರುತ್ತದೆ. ಹೀಗೆ ಉಳಿದ ಚರ್ಮದ ಕೊಳವೆಯೇ ನಾಳ. ಕೆಲವು ಮಕ್ಕಳಲ್ಲಿ ಈ ನಾಳ ತಲೆಬುರುಡೆಯ ತಳ ದಾಟಿ ಮೆದುಳಿನ ಹೊದಿಕೆಯವರೆಗೂ ಹೋಗಿರುತ್ತದೆ. ಅರಿಶಿನ ಹಚ್ಚುವುದು, ಹಿಸುಕುವುದು, ಕುರು ಎಂದು ಕೊಯ್ದು ಕೀವು ತೆಗೆಯುವುದು ಬೇಡವೆನ್ನುವುದು ಇದಕ್ಕೇ. ಕೀವು ಆ ದಾರಿಯಲ್ಲೇ ಮೇಲೇರಿದರೆ ಮೆದುಳುಪೊರೆಯ ಸೋಂಕು. ಬಯಾಪ್ಸಿಯೂ (ಗಂಟಿನ ಚೂರು ತೆಗೆದು ಪರೀಕ್ಷಿಸುವುದು) ಸ್ಕ್ಯಾನ್ ಆಗುವವರೆಗೆ ಬೇಡ.

ಮೊದಲು ಬೆರಳಿಟ್ಟು ನೋಡುವುದು. ಡರ್ಮಾಯ್ಡ್ ಗಟ್ಟಿ, ಒತ್ತಿದರೆ ಕುಗ್ಗದು, ಟಾರ್ಚ್ ಹಿಡಿದರೆ ಬೆಳಕು ಹಾಯದು. ಮಗು ಅತ್ತಾಗ ಗಂಟು ಉಬ್ಬಿದರೆ ಅದು ಹೊರಚಾಚಿದ ಮೆದುಳಿನ ಭಾಗವಿರಬಹುದು, ಆ ಚಿಕಿತ್ಸೆಯೇ ಬೇರೆ.

ಹಾಸನದವರು ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿ ಶುರು ಮಾಡಬಹುದು. ನಾಳದ ಜಾಡಿಗೆ ಎಂಆರ್‌ಐ, ಎಲುಬಿಗೆ ತೆಳು ಪದರಗಳ ಸಿಟಿ. ಒಂದು ವರ್ಷದೊಳಗಿನ ಕೂಸಿಗೆ ಬುರುಡೆಯ ತಳ ಇನ್ನೂ ಮೆದು ಮೂಳೆ. ಸಿಟಿಯಲ್ಲಿ ಇಲ್ಲದ ತೂತು ಇದ್ದಂತೆ ಕಾಣುತ್ತದೆ. ಅದಕ್ಕೇ ಸಿಟಿಯೊಂದನ್ನೇ ನಂಬಿ ತೀರ್ಮಾನಿಸಬಾರದು.

ಸೋಂಕಿದ್ದರೆ ಆ್ಯಂಟಿಬಯಾಟಿಕ್ ಕೊಟ್ಟು ಊತ ಇಳಿಸಿ ನಂತರ ಆಪರೇಷನ್. ಪೂರ್ತಿ ಅರಿವಳಿಕೆ ಬೇಕು: ಘನ ಆಹಾರ 6 ಗಂಟೆ, ಎದೆಹಾಲು 4 ಗಂಟೆ ಮುಂಚೆಯೇ ನಿಲ್ಲಿಸಬೇಕು. ತೂತಿನ ಸುತ್ತ ಎಲೆಯಾಕಾರದಲ್ಲಿ ಚರ್ಮ ಕೊಯ್ದು, ಕಣ್ಣೀರುನಾಳಕ್ಕೆ ಬಳಸುವ ಸಪೂರ ಕಡ್ಡಿಯನ್ನು ಮೆಲ್ಲಗೆ ತೂರಿಸಿ, ಅದರ ಜಾಡು ಹಿಡಿದು ನಾಳವನ್ನು ಬಿಡಿಸುತ್ತ ಹೋಗುತ್ತಾರೆ. ಎಲುಬಿನಡಿ ನುಗ್ಗಿದ್ದರೆ ಮೂಗಿನೆಲುಬನ್ನು ಸರಿಸಿ ದಾರಿ ಮಾಡಬೇಕು. ಗಂಟಿನ ಚೀಲ ಒಡೆದು ಅದರ ಗೋಡೆಯ ಚೂರು ಉಳಿಯಿತೋ, ಗಂಟು ಮರಳಿತೆಂದೇ ಲೆಕ್ಕ. ಗಾಯದ ಕಲೆಯ ನಡುವೆ ಎರಡನೇ ಸಲ ಹುಡುಕುವುದು ಮೊದಲಿಗಿಂತ ಕಷ್ಟ. ನಾಳ ಬುರುಡೆಯೊಳಗೆ ಹೊಕ್ಕಿದ್ದರೆ ನರಶಸ್ತ್ರವೈದ್ಯರೂ ಜತೆಗಿರಬೇಕು. ಅಂಥ ಮಕ್ಕಳನ್ನು ಬೆಂಗಳೂರಿಗೆ ಕಳಿಸುವುದೇ ಸರಿ.

ಹೊಲಿಗೆ ಸಾಮಾನ್ಯವಾಗಿ 5ರಿಂದ 7 ದಿನಕ್ಕೆ ಬಿಚ್ಚುತ್ತಾರೆ. ಮನೆಗೆ ಬಂದ ಮೇಲೆ ಮೂಗಿನಿಂದ ನೀರಿನಂಥ ದ್ರವ ಸೋರಿದರೆ, ಜ್ವರದ ಜತೆ ಮಗು ಮಂಕಾದರೆ, ಸಕಲೇಶಪುರದಲ್ಲಿರಿ ಮೂಡಿಗೆರೆಯಲ್ಲಿರಿ, ಬೆಳಗಾಗುವವರೆಗೆ ಕಾಯದೆ ಹೊರಡಿ. ಗಂಟು ವರ್ಷಗಳ ನಂತರವೂ ಮರುಕಳಿಸಬಹುದು; ಸ್ಕ್ಯಾನ್ ಸಿಡಿ, ಡಿಸ್ಚಾರ್ಜ್ ಚೀಟಿ ಎಸೆಯಬೇಡಿ.