ಅವ್ವನ ‘ಹೂಂ’ ಬರೆದಿಟ್ಟ ಬಗೆ

ವಿಜಯಪುರದ ನಮ್ಮ ಅಡುಗೆಮನೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆ ಕಾಕು ಇಂಡಿ ಊರಿನ ಬಸ್ಸು ತಪ್ಪಿದ ಕಥೆ ಹೇಳುತ್ತಿದ್ದರು. ಇಬ್ಬರನ್ನೂ ಕೇಳಿಯೇ ಫೋನನ್ನು ಕಿಟಕಿಯಲ್ಲಿಟ್ಟು ರೆಕಾರ್ಡ್ ಮಾಡಿದೆ. ನಮ್ಮ ಕಡೆಯ ಮಾತು ಹೇಗಿದೆಯೋ ಹಾಗೇ ಬರೆದಿಡಬೇಕು ಅನ್ನೋ ಆಸೆ ನನ್ನದು.

ಮೊದಲ ಸಲ ‘ಹೂಂ’, ‘ಅಯ್ಯ’, ‘ಅಂದ್ರ’ ಎಲ್ಲವನ್ನೂ ಬಿಟ್ಟು ಬರೆದೆ. ಓದಿದರೆ ಅವ್ವ ಅಲ್ಲಿ ಇರಲೇ ಇಲ್ಲ! ಕಾಕು ಗೋಡೆಗೆ ಮಾತು ಹೇಳಿದ ಹಾಗಿತ್ತು.

ಎರಡನೇ ಸಲ ವೇಗ ಅರ್ಧಕ್ಕಿಳಿಸಿ ಕೇಳಿದೆ. ಮಾತುಕತೆಯನ್ನು ಇದ್ದ ಹಾಗೇ ಬರೆದಿಡಲು ಸಂಶೋಧಕಿ ಗೇಲ್ ಜೆಫರ್ಸನ್ ರೂಪಿಸಿದ ಗುರುತುಗಳನ್ನು ಬಳಸಿದೆ. ಎಳೆದ ದನಿಗೆ ಎರಡು ಚುಕ್ಕಿ (:), ಹೆಚ್ಚು ಎಳೆದಷ್ಟು ಹೆಚ್ಚು; ಇಬ್ಬರ ಮಾತು ಒಂದರ ಮೇಲೊಂದು ಬಿದ್ದರೆ ಚೌಕ ಕಂಸ, ಮೌನಕ್ಕೆ ಸೆಕೆಂಡಿನ ಅಂಕಿ. ಒಂದು ನಿಮಿಷದ ಮಾತಿಗೆ ಒಂದು ತಾಸು ಹಿಡಿಯಿತು.

‘ಸ್ಟ್ಯಾಂಡಿಗೆ ಹೋದೆ ನೋಡವಾ.’
‘ಹೂಂ.’
‘ಬಸ್ ಹೊಂಟೇ ಬಿಟ್ಟಿತ್ತು.’
‘ಅಯ್ಯ:: ಖರೇನ್ರೀ?’
‘ಆಮ್ಯಾಲ ಅದರಾಗ ಕುಂತ್ನಿ.’

ಇಲ್ಲಿ ಹೂಂ ಇಲ್ಲ. ರೊಟ್ಟಿ ಬಡಿಯುವ ಸದ್ದೂ ನಿಂತಿದೆ. 0.8 ಸೆಕೆಂಡ್ ಮೌನ. ಹೋದ ಬಸ್ಸಿನಲ್ಲಿ ಕೂತದ್ದು ಹೇಗೆ? ಅವ್ವ ಬಾಯಿಬಿಟ್ಟು ಕೇಳಲಿಲ್ಲ. ಆದರೂ ಕಾಕು ತಾವೇ, ‘ಅಂದ್ರ, ಅದರಾಗಲ್ಲ, ಹಿಂದ ಬಂದ ಬಸ್ಸಿನ್ಯಾಗ’ ಅಂದರು. ಮತ್ತೆ ‘ಹೂಂ’, ಮತ್ತೆ ರೊಟ್ಟಿಯ ಸದ್ದು. ಹೀಗೆ ತಿದ್ದಿಕೊಳ್ಳುವುದಕ್ಕೆ ಭಾಷಾವಿಜ್ಞಾನದಲ್ಲಿ ರಿಪೇರ್ ಅನ್ನುತ್ತಾರೆ. ಈ ಜಾಗವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಮಾತು ಕಸಿದುಕೊಳ್ಳದೆ ‘ಕೇಳ್ತಿದ್ದೀನಿ, ಹೇಳು’ ಅಂತ ತಿಳಿಸುವ ಹೂಂಗೆ ಭಾಷಾವಿಜ್ಞಾನಿ ವಿಕ್ಟರ್ ಯಿಂಗ್ವೆ 1970ರಲ್ಲಿ ಬ್ಯಾಕ್ ಚಾನೆಲ್ ಅನ್ನೋ ಹೆಸರು ಕೊಟ್ಟರು. ನಮ್ಮಲ್ಲಿ ‘ಹೂಂಗುಟ್ಟುವುದು’ ಅನ್ನೋ ಪದ ಇದ್ದೇ ಇದೆ, ಅಲ್ವಾ? ನಾವು ಹೂಂಗುಟ್ಟದಿದ್ದರೆ ಆಯಿ, ಅಂದರೆ ನಮ್ಮಜ್ಜಿ, ಕಥೆಯನ್ನೇ ನಿಲ್ಲಿಸಿಬಿಡುತ್ತಿದ್ದಳು. ನನಗೆ ನಮ್ಮ ಪದವೇ ಜಾಸ್ತಿ ಇಷ್ಟ.

ಕೊನೆಯ ಭಾಗವನ್ನೂ ಹಾಗೇ ಇಟ್ಟುಕೊಂಡೆ. ‘ಮತ್ತ?’ ಅಂದರು ಕಾಕು. ‘ಮತ್ತೇನಿಲ್ರಿ’ ಅಂದಳು ಅವ್ವ. ‘ಹಂಗಾರ ಬರ್ತೀನವಾ.’ ‘ಹೂಂ, ಬರ್ರಿ.’ ನನ್ನ ಹತ್ತಿರ ಹೊಸ ವಿಷಯ ಇಲ್ಲ, ನಿನ್ನ ಹತ್ತಿರ ಇದ್ದರೆ ಹೇಳು ಅಂತ ದಾರಿ ಬಿಟ್ಟುಕೊಡುವ ಮಾತು ಈ ‘ಮತ್ತ’. ಮಾತುಕತೆಯನ್ನು ಅಧ್ಯಯನ ಮಾಡಿದ ಷೆಗ್ಲಾಫ್ ಮತ್ತು ಸ್ಯಾಕ್ಸ್ 1973ರಲ್ಲಿ ಇಂಥ ಮಾತುಗಳ ಬಗ್ಗೆ ಬರೆದರು. ಇವಕ್ಕೆ ಪ್ರೀ-ಕ್ಲೋಸಿಂಗ್, ಅಂದರೆ ಮಾತು ಮುಗಿಸುವ ಮುನ್ನಿನ ಮಾತು, ಅನ್ನುತ್ತಾರೆ.

‘ಬರ್ತೀನಿ’ ಅಂದ ಮೇಲೂ ಕಾಕು ಹೊಸ್ತಿಲಲ್ಲಿ ನಿಂತು 4 ನಿಮಿಷ ಮಾತಾಡಿದ್ದಾರೆ. ಅದನ್ನೂ ಪೂರ್ತಿ ಬರೆದೆ.